ತಜ್ಞರು ಯಾರು?

ಸುಗ್ಗಿಯ ಕಾಲದಲ್ಲಿ ಬ್ಯಾಡಗಿಯ ಮೆಣಸಿನಕಾಯಿ ಪೇಟೆಯನ್ನು ಕಂಡವರಿಗೆ ಒಂದು ನೋಟ ನೆನಪಿದ್ದೀತು. ಕೆಂಪು ರಾಶಿಗಳ ನಡುವೆ ಓಡಾಡುವ ಖರೀದಿದಾರನು ಒಂದು ಕಾಯನ್ನೆತ್ತಿ, ಅದರ ಬಣ್ಣ ನೋಡಿ, ಸುಕ್ಕು ನೋಡಿ, ಮುರಿದು ಮೂಸಿ, ಇದು ಡಬ್ಬಿ, ಇದು ಕಡ್ಡಿ ಎಂದು ಹೇಳಿಬಿಡುತ್ತಾನೆ. ಆದರೆ ಅಲ್ಲಿಯೇ ಕುಳಿತು ದಿನವಿಡೀ ತೊಟ್ಟು ಮುರಿಯುವ ಹೆಣ್ಣುಮಗಳ ಕೈ ರಾತ್ರಿ ಎಷ್ಟು ಹೊತ್ತು ಉರಿಯುತ್ತದೆಂಬುದು ಅವನಿಗೆ ತಿಳಿಯದು. ಆ ಕಾಯನ್ನು ಇಬ್ಬರೂ ಬಲ್ಲರು. ದರ ಕಟ್ಟಲು ಅವನ ಅರಿವು ಸಾಕು. ಕೈ ಉರಿಗೆ ಮದ್ದು ಹುಡುಕಬೇಕಾದರೆ ಅವಳನ್ನೇ ಕೇಳಬೇಕು.

ನಮ್ಮ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯಂಥ ಊರುಗಳಲ್ಲಿ ಎಚ್.ಐ.ವಿ. ಸೋಂಕಿನ ತಡೆಯನ್ನು ಕುರಿತು ಮಾತು ಬಂದಾಗಲೆಲ್ಲ ಈ ಇಬ್ಬರೂ ನನ್ನ ಕಣ್ಣ ಮುಂದೆ ಬಂದು ನಿಲ್ಲುತ್ತಾರೆ.

ಭಾರತದಲ್ಲಿ ಈ ಸೋಂಕು ಮೊದಲು ಪತ್ತೆಯಾದದ್ದು 1986ರಲ್ಲಿ, ಅಂದಿನ ಮದರಾಸಿನಲ್ಲಿ. ಇದು ಮಹಾನಗರಗಳ ವ್ಯಾಧಿಯೆಂದು ನಾವು ಬಹುಕಾಲ ನಂಬಿದ್ದೆವು. 2003ರಲ್ಲಿ ಬಾಗಲಕೋಟೆ ಜಿಲ್ಲೆಯ ಜನಸಾಮಾನ್ಯರ ನಡುವೆ ನಡೆದ ಸಮೀಕ್ಷೆಯು ಆ ನಂಬಿಕೆಯನ್ನು ಅಳಿಸಿಹಾಕಿತು. ಅಲ್ಲಿಯ ವಯಸ್ಕರಲ್ಲಿ ನೂರಕ್ಕೆ ಮೂವರ ಸಮೀಪ ಸೋಂಕಿತ್ತು, ಹಳ್ಳಿಗಳೂ ಹೊರತಾಗಿರಲಿಲ್ಲ. ಹಾಗಿದ್ದಮೇಲೆ ಪುಣೆ–ಬೆಂಗಳೂರು ಹೆದ್ದಾರಿಯ ಬದಿಯ ನಮ್ಮ ಊರುಗಳು ತಮಗೂ ಇದಕ್ಕೂ ಸಂಬಂಧವಿಲ್ಲವೆಂದು ಸುಮ್ಮನಿರುವಂತಿರಲಿಲ್ಲ.

ಸೋಂಕು ಹರಡುವ ದಾರಿಗಳು ವೈದ್ಯಶಾಸ್ತ್ರಕ್ಕೆ ನಿಚ್ಚಳವಾಗಿವೆ: ರಕ್ಷಣೆಯಿಲ್ಲದ ಸಂಭೋಗ, ಸೋಂಕಿನ ರಕ್ತ ಮತ್ತು ಸೂಜಿ, ತಾಯಿಯಿಂದ ಮಗುವಿಗೆ. ಮುಟ್ಟಿದರೆ, ಒಂದೇ ಪಂಕ್ತಿಯಲ್ಲಿ ಉಂಡರೆ ಅದು ಬಾರದು. 2004ರಿಂದ ಸರಕಾರವು ಔಷಧವನ್ನು ಉಚಿತವಾಗಿ ಕೊಡುತ್ತ ಬಂದಿದೆ. ಅದನ್ನು ತಪ್ಪದೆ ಸೇವಿಸಿ, ಪರೀಕ್ಷೆಯಲ್ಲಿ ಕಾಣಸಿಗದಷ್ಟು ಮಟ್ಟಿಗೆ ವೈರಾಣುವನ್ನು ತಗ್ಗಿಸಿಕೊಂಡು ಹಾಗೆಯೇ ಉಳಿದವರಿಂದ ಸಂಭೋಗದ ಮೂಲಕ ಸೋಂಕು ಇನ್ನೊಬ್ಬರಿಗೆ ದಾಟುವುದಿಲ್ಲ. ಇಷ್ಟೆಲ್ಲ ತಿಳಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ಪರೀಕ್ಷೆಗೆ ಬರಲು ಯಾರು ಅಂಜುತ್ತಾರೆ? ಏಕೆ ಅಂಜುತ್ತಾರೆ? ಇದಕ್ಕೆ ಉತ್ತರ ಪ್ರಯೋಗಶಾಲೆಯಲ್ಲಿ ಸಿಗುವುದಿಲ್ಲ. ಅದಕ್ಕಾಗಿಯೇ ಸಮುದಾಯದ ನಡುವೆ ಸಂಶೋಧನೆ ನಡೆಯಬೇಕಾಗುತ್ತದೆ.

ಇಂಥ ಸಂಶೋಧನೆಗೆ ಸಲಹೆ ಕೊಡುವವರು ಮೂರು ಬಗೆಯವರು. ಅಧ್ಯಯನದ ಕ್ರಮ ಸರಿಯಿದೆಯೇ ಎಂದು ನೋಡುವವರು ವಿಜ್ಞಾನ ಬಲ್ಲವರು. ಅದರಿಂದ ಯಾರಿಗಾದರೂ ಅನ್ಯಾಯವಾದೀತೇ ಎಂದು ತೂಗುವುದು ನೈತಿಕ ಸಮಿತಿ. ಅದರಲ್ಲಿ ವೈದ್ಯರು, ಕಾನೂನು ಬಲ್ಲವರು ಮಾತ್ರವಲ್ಲದೆ ಒಬ್ಬ ಸಾಮಾನ್ಯ ನಾಗರಿಕನೂ ಇರಬೇಕೆಂಬುದು ನಿಯಮ. ಮೂರನೆಯದು ಸಮುದಾಯ ಸಲಹಾ ಮಂಡಳಿ. ಯಾರ ಬದುಕನ್ನು ಕುರಿತು ಅಧ್ಯಯನ ನಡೆಯುತ್ತದೆಯೋ ಅವರೇ ಅದರ ಸದಸ್ಯರು.

ಕನ್ನಡ ಮೇಷ್ಟರಾಗಿ ನಿವೃತ್ತನಾದ ಮೇಲೆ ಅಂಥದೊಂದು ಅಧ್ಯಯನದ ಸಲಹೆಗಾರರ ಸಾಲಿನಲ್ಲಿ ಕೂಡುವ ಅವಕಾಶ ನನಗೆ ಬಂದಿತು. ಪ್ರಶ್ನಾವಳಿಯ ಕನ್ನಡವನ್ನು ತಿದ್ದಿಕೊಡುವುದು ನನ್ನ ಪಾಲಿನ ಕೆಲಸ. 'ಕಳೆದ ಮೂವತ್ತು ದಿನಗಳ ಅವಧಿಯಲ್ಲಿ ತಾವು ಪತಿಯೇತರ ವ್ಯಕ್ತಿಗಳೊಡನೆ ಎಷ್ಟು ಸಲ ದೈಹಿಕ ಸಂಪರ್ಕ ಹೊಂದಿದ್ದೀರಿ?' ಎಂಬ ವಾಕ್ಯವನ್ನು ರಚಿಸಿ, ಅದರ ಮರ್ಯಾದೆಗೂ ಶುದ್ಧಿಗೂ ನಾನೇ ಮೆಚ್ಚಿಕೊಂಡಿದ್ದೆ. ಸಭೆಯಲ್ಲಿ ಅದನ್ನು ಓದಿದಾಗ ಸಲಹಾ ಮಂಡಳಿಯ ಒಬ್ಬ ಹೆಣ್ಣುಮಗಳು, ಲೈಂಗಿಕ ವೃತ್ತಿಯಲ್ಲಿ ಬಾಳು ಸವೆಸಿದವಳು, ಮೆಲ್ಲನೆ ನಕ್ಕಳು.

“ಯಾಕವ್ವಾ?” ಎಂದೆ.

“ಕೋರ್ಟಿನ್ಯಾಗ ನಿಲ್ಲಿಸಿ ಕೇಳಿದಂಗ ಆತ್ರಿ ಮಾಸ್ತರ್ರ. ಹಿಂಗ ಕೇಳಿದ್ರ ನಾ ಅಂತೂ ಖರೇ ಹೇಳಂಗಿಲ್ಲ. ಮೂವತ್ತು ದಿನದ ಲೆಕ್ಕ ಯಾರು ಇಟ್ಟಿರ್ತಾರ್ರಿ? ಹ್ವಾದ ಸಂತಿಯಿಂದ ಈ ಸಂತಿಗಂತ ಕೇಳ್ರಿ, ನೆನಪಾಕ್ಕೈತಿ.”

ಮೂವತ್ತು ವರ್ಷ ವ್ಯಾಕರಣ ಕಲಿಸಿದ ನನಗೆ ಅಂದು ಹೊಸ ಪಾಠವಾಯಿತು. ಒಪ್ಪಿಗೆ ಪತ್ರದ ಮಾತು ಬಂದಾಗ ಅವಳು ಇನ್ನೊಂದು ಸಂಗತಿ ಹೇಳಿದಳು. ಹೆಬ್ಬೆಟ್ಟು ಒತ್ತಿ ಹೊಲ ಕಳಕೊಂಡವರ ಮನೆಯಿಂದ ಬಂದವರಿಗೆ ಶಾಯಿಯ ಡಬ್ಬಿ ಕಂಡರೇ ಎದೆ ಝಲ್ಲೆನ್ನುತ್ತದೆ. ಮೊದಲು ಕಾಗದವನ್ನು ಓದಿ ಹೇಳಿ, ಒಂದು ದಿನ ಯೋಚಿಸಲು ಬಿಟ್ಟು, ಆಮೇಲೆ ಬನ್ನಿರಿ ಎಂದಳು. ಕೊನೆಗೆ ದನಿ ತಗ್ಗಿಸಿ ತನ್ನ ಕಥೆಯನ್ನು ಹೇಳಿದಳು. ಹಿಂದೊಮ್ಮೆ ಯಾವುದೋ ಸಮೀಕ್ಷೆಯವರು ಫಲಕ ಕಟ್ಟಿದ ಜೀಪನ್ನು ಅವಳ ಬಾಗಿಲಿಗೇ ತಂದು ನಿಲ್ಲಿಸಿದ್ದರು. ಸಂಜೆಯೊಳಗೆ ಓಣಿಗೆಲ್ಲ ಸುದ್ದಿಯಾಯಿತು. ತಿಂಗಳೊಪ್ಪತ್ತಿನಲ್ಲಿ ಬಾಡಿಗೆ ಮನೆ ಹೋಯಿತು, ಮಗಳ ಶಾಲೆ ಬಿಟ್ಟುಹೋಯಿತು. “ಲೆಕ್ಕ ಬರಕೊಂಡು ಹ್ವಾದೋರು ಏನು ತಿಳೀತಂತ ಹೇಳಾಕ ತಿರುಗಿ ಬರಲಿಲ್ರಿ” ಎಂದಳು. ಯಾರೂ ಮಾತಾಡಲಿಲ್ಲ.

ಹೆಸರಿಲ್ಲದೆ ಸತ್ಯ ಹೇಳುವ ದಾರಿಗಳು ಇಲ್ಲದಿಲ್ಲ. ಕರ್ನಾಟಕದ ಏಡ್ಸ್ ತಡೆ ಯೋಜನೆಗಳಲ್ಲಿ ಬಳಕೆಗೆ ಬಂದ ಮತಗಟ್ಟೆ ಸಮೀಕ್ಷೆ ಅಂಥದೊಂದು. ಒಂದೇ ಬಗೆಯ ಬದುಕಿನ ಹತ್ತಾರು ಜನರನ್ನು ಒಂದೆಡೆ ಕೂಡಿಸಿ, ಒಬ್ಬೊಬ್ಬರ ಮುಂದೆಯೂ ಮರೆಯಿಟ್ಟು, ಕ್ರಮಸಂಖ್ಯೆಯ ಚೀಟಿಗಳನ್ನು ಕೊಡುತ್ತಾರೆ. ಪ್ರಶ್ನೆಯನ್ನು ಗಟ್ಟಿಯಾಗಿ ಓದಿದಂತೆ ಹೌದೆನ್ನುವವರು ಒಂದು ಬಣ್ಣದ ಪೆಟ್ಟಿಗೆಗೆ, ಅಲ್ಲವೆನ್ನುವವರು ಇನ್ನೊಂದಕ್ಕೆ ಚೀಟಿ ಹಾಕುತ್ತಾರೆ. ಓದು ಬಾರದವರೂ ಇದರಲ್ಲಿ ಪಾಲ್ಗೊಳ್ಳಬಹುದು. ಗುಂಪಿನ ಲೆಕ್ಕ ಸಿಗುತ್ತದೆ, ವ್ಯಕ್ತಿಯ ಗುಟ್ಟು ಉಳಿಯುತ್ತದೆ. ಎದುರಿಗೆ ಕುಳಿತು ಕೇಳಿದಾಗ ಹೊರಬಾರದ ಸಂಗತಿಗಳು ಆ ಪೆಟ್ಟಿಗೆಗಳಲ್ಲಿ ಹೊರಬಿದ್ದಿವೆ.

ಸಮುದಾಯವನ್ನು ಕೇಳದೆ ಹೊರಟರೆ ಏನಾದೀತೆಂಬುದನ್ನು ಹೊರದೇಶದ ಒಂದು ಪ್ರಸಂಗ ತೋರಿಸಿಕೊಟ್ಟಿತು. ಟೆನೊಫೊವಿರ್ ಎಂಬ ಮಾತ್ರೆಯನ್ನು ಮುಂಚಿತವಾಗಿ ಸೇವಿಸಿದರೆ ಸೋಂಕು ತಡೆಯಬಹುದೇ ಎಂಬ ಪ್ರಯೋಗವನ್ನು ಕಾಂಬೋಡಿಯಾದಲ್ಲಿ ಲೈಂಗಿಕ ವೃತ್ತಿಯ ಮಹಿಳೆಯರ ನಡುವೆ ನಡೆಸುವ ಸಿದ್ಧತೆಯಾಗಿತ್ತು. ಅಡ್ಡಪರಿಣಾಮವಾದರೆ ನಮ್ಮನ್ನು ನೋಡಿಕೊಳ್ಳುವವರಾರು, ವಿಮೆಯೇನು ಎಂದು ಆ ಮಹಿಳೆಯರು ಕೇಳಿದರು. ತೃಪ್ತಿಕರ ಉತ್ತರ ದೊರೆಯಲಿಲ್ಲ. 2004ರ ಆಗಸ್ಟ್‌ನಲ್ಲಿ ಅಲ್ಲಿಯ ಸರಕಾರವೇ ಪ್ರಯೋಗವನ್ನು ನಿಲ್ಲಿಸಿತು. ಇಂಥ ಕಹಿ ಅನುಭವಗಳ ತರುವಾಯವೇ ವಿಶ್ವಸಂಸ್ಥೆಯ ಏಡ್ಸ್ ಕಾರ್ಯಕ್ರಮವು 2007ರಲ್ಲಿ ಸಮುದಾಯದ ಸಹಭಾಗಿತ್ವವನ್ನು ಕುರಿತ ಮಾರ್ಗಸೂಚಿಯನ್ನು ಹೊರತಂದಿತು. ಮುಂದೆ ಅದೇ ಬಗೆಯ ಮಾತ್ರೆಯ ಅಧ್ಯಯನವು ನಮ್ಮ ಮೈಸೂರಿನಲ್ಲಿ ನಡೆಯಿತು. ಅಲ್ಲಿ ಅದರ ಪಾಲುದಾರರಾದವರು 'ಆಶೋದಯ ಸಮಿತಿ'ಯವರು, ಅಂದರೆ ಲೈಂಗಿಕ ವೃತ್ತಿಯವರು ತಾವೇ ಕಟ್ಟಿಕೊಂಡ ಸಂಘದವರು. ಕಾಂಬೋಡಿಯಾದಲ್ಲಿ ಮುರಿದುಬಿದ್ದ ಕೆಲಸ ಮೈಸೂರಿನಲ್ಲಿ ಸಾಗಿತು.

ಈಗ ಕಾನೂನಿನ ಆಸರೆಯೂ ಇದೆ. 2017ರಲ್ಲಿ ಅಂಗೀಕಾರಗೊಂಡು 2018ರ ಸೆಪ್ಟೆಂಬರ್ 10ರಿಂದ ಜಾರಿಗೆ ಬಂದ ಎಚ್.ಐ.ವಿ. ಮತ್ತು ಏಡ್ಸ್ ಕಾಯಿದೆಯ ಪ್ರಕಾರ, ತಿಳಿವಳಿಕೆಯ ಒಪ್ಪಿಗೆಯಿಲ್ಲದೆ ಯಾರನ್ನೂ ಪರೀಕ್ಷೆಗಾಗಲಿ ಸಂಶೋಧನೆಗಾಗಲಿ ಒಳಪಡಿಸುವಂತಿಲ್ಲ. ಸೋಂಕಿನ ಗುಟ್ಟನ್ನು ಬಯಲು ಮಾಡುವಂತಿಲ್ಲ. ಆದರೆ ಬಾಗಿಲಲ್ಲಿ ಜೀಪು ನಿಲ್ಲಿಸಬೇಡಿರೆಂಬ ವಿವೇಕವನ್ನು ಯಾವ ಕಾಯಿದೆಯೂ ಬರೆದಿಡಲಾರದು. ಅದನ್ನು ಹೇಳಬಲ್ಲವರು ಆ ಓಣಿಯವರೇ.

ಸಲಹಾ ಮಂಡಳಿಗಳೆಲ್ಲ ಸಾರ್ಥಕವಾದಾವೆಂದು ನಾನು ಹೇಳಲಾರೆ. ಎಲ್ಲವನ್ನೂ ಮೊದಲೇ ನಿರ್ಣಯಿಸಿಕೊಂಡು, ಚಹಾ ಕುಡಿಸಿ ಸಹಿ ಪಡೆದು ಕಳಿಸುವ ಸಭೆಗಳೂ ಉಂಟು. ಪ್ರಶ್ನೆ ಹುಟ್ಟುವ ಮುನ್ನ ಕರೆದರೆ ಅದು ಸಲಹೆ. ಉತ್ತರ ಬರೆದಾದ ಮೇಲೆ ಕರೆದರೆ ಅದು ಬರಿಯ ಉಪಚಾರ. ಬೇಡವೆಂದು ಹೇಳುವ ಅಧಿಕಾರ ಅವರಿಗಿದೆಯೇ, ಕಂಡ ಫಲವನ್ನು ಅವರಿಗೆ ಮೊದಲು ತಿಳಿಸುತ್ತಾರೆಯೇ ಎಂಬ ಎರಡು ಮಾತುಗಳಿಂದ ಸಭೆಯ ಸತ್ವವನ್ನು ಅಳೆಯಬಹುದು.

ನಮ್ಮ ಅಧ್ಯಯನದ ಪ್ರಶ್ನಾವಳಿ ಕೊನೆಗೆ ಸಂತೆಯ ಲೆಕ್ಕದಲ್ಲಿಯೇ ಸಿದ್ಧವಾಯಿತು. ಜೀಪು ಹೆದ್ದಾರಿಯ ಬದಿಯಲ್ಲೇ ನಿಂತಿತು. ಕೆಲಸದವರು ನಡೆದು ಬಂದರು. ಮುಗಿದ ಮೇಲೆ ತಿಳಿದ ಸಂಗತಿಯನ್ನು ಹೇಳಲು ಮತ್ತೆ ಬಂದರು. ಅಂದು ಆ ಹೆಣ್ಣುಮಗಳು ಮುಂದಿನ ಸಾಲಿನಲ್ಲಿ ಕುಳಿತಿದ್ದಳು.

'ತಜ್ಞ'ನೆಂದರೆ 'ಅದನ್ನು ಬಲ್ಲವನು' ಎಂದು ನಾನು ತರಗತಿಯಲ್ಲಿ ಎಷ್ಟೋ ಸಲ ಬಿಡಿಸಿ ಹೇಳಿದ್ದುಂಟು. 'ಅದು' ಎಂದರೆ ಯಾವುದು ಎಂದು ಯಾವ ವಿದ್ಯಾರ್ಥಿಯೂ ಕೇಳಿರಲಿಲ್ಲ. ಆ ಉತ್ತರ ನನಗೆ ದೊರೆತದ್ದು ಪಾಠ ಹೇಳುವುದು ಮುಗಿದ ಮೇಲೆ, ಒಂದು ಹೆಬ್ಬೆಟ್ಟಿನ ಕೈಯಿಂದ.