ಕೊಲೆ ಒಂದು, ಕಂಡವರು ಹಲವರು

ಇವತ್ತಿನ ಮಾತು ‘ಉಳಿದವರು ಕಂಡಂತೆ’ ಬಗ್ಗೆ. 2014ರಲ್ಲಿ ಬಂದ ಈ ಸಿನಿಮಾ ರಕ್ಷಿತ್ ಶೆಟ್ಟಿ ನಿರ್ದೇಶಿಸಿದ ಮೊದಲ ಚಿತ್ರ. ಯಾರು ಯಾರನ್ನ ಕೊಲ್ತಾರೆ ಅಂತ ಹೇಳಲ್ಲ, ಆರಾಮಾಗಿ ಕೇಳ್ರಿ.

ಊರು ಮಲ್ಪೆ, ಹೊತ್ತು ಕೃಷ್ಣ ಜನ್ಮಾಷ್ಟಮಿ. ಹಿಂದೆ ನಡೆದ ಕೊಲೆಯ ಬೆನ್ನು ಹತ್ತಿ ಪತ್ರಕರ್ತೆ ರೆಜಿನಾ ಊರಿನವರನ್ನ ಮಾತಾಡಿಸ್ತಾಳೆ. ಮಗನನ್ನ ಕಾಯೋ ರತ್ನಕ್ಕ, ಮೀನುಗಾರ ಬಾಲು, ಮೆಕ್ಯಾನಿಕ್ ಮುನ್ನ: ಎಲ್ಲರ ಬದುಕೂ ಆ ಸಾವಿಗೆ ಎಲ್ಲೋ ತಾಗಿಕೊಂಡಿದೆ.

ಇದನ್ನ ಕುರೊಸಾವಾ ಅವರ 1950ರ ‘ರಾಶೊಮಾನ್’ಗೆ ಹೋಲಿಸ್ತಾರೆ. ಆದ್ರೆ ಅಲ್ಲಿ ಒಬ್ಬರ ಹೇಳಿಕೆ ಇನ್ನೊಬ್ಬರದನ್ನ ಸುಳ್ಳು ಮಾಡ್ತದೆ. ಇಲ್ಲಿ ಹೆಚ್ಚಿನವರು ಸುಳ್ಳು ಹೇಳಲ್ಲ, ತಮಗೆ ಕಂಡಷ್ಟೇ ಹೇಳ್ತಾರೆ. ತುಂಡುಗಳನ್ನ ಜೋಡಿಸೋ ಕೆಲಸ ನಮ್ಮದು.

ಅದಕ್ಕೇ ಸಿನಿಮಾ ನಿಧಾನ. ರಿಚ್ಚಿ ಮೊದಲು ಬರೀ ರೌಡಿ ಅನ್ನಿಸ್ತಾನೆ. ಅವನ ಬಾಲ್ಯ ಗೊತ್ತಾದ ಮೇಲೆ ಅದೇ ನಗು ಬೇರೆ ಥರ ಕಾಣ್ತದೆ. ಅವಸರ ಮಾಡಿದ್ರೆ ಈ ಬದಲಾವಣೆ ಸಿಗಲ್ಲ.

ನಮ್ಮ ಘಟಪ್ರಭಾದಂಥ ಊರಲ್ಲಿ ಒಂದು ಸಾವಾದ್ರೆ, ಪೊಲೀಸರು ಬರೋ ಮೊದಲೇ ವಾಟ್ಸಾಪ್‌ನಲ್ಲಿ ತೀರ್ಪು ಬಂದಿರ್ತದೆ. ಸತ್ತವರು ಎದ್ದು ಬಂದು ‘ಅದು ಹಂಗಲ್ಲ’ ಅನ್ನೋಕಾಗಲ್ಲ. ಅವರ ಕಥೆ ಉಳಿದವರ ಬಾಯಲ್ಲೇ ಇರ್ತದೆ. ಸಿನಿಮಾದ ಹೆಸರಿನ ಭಾರ ಅದೇ.

ಗೋಕಾಕ, ಮೂಡಲಗಿ ಕಡೆಯ ಕಿವಿಗೆ ಕರಾವಳಿ ಕನ್ನಡ ಮೊದಲು ತೊಡಕಾಗಬಹುದು. ಹೆಡ್‌ಫೋನ್ ಹಾಕ್ಕೊಂಡು ಅರ್ಧ ಗಂಟೆ ಕೊಡ್ರಿ, ಕಿವಿ ಹೊಂದ್ಕೋತದೆ. ಮುಗಿದ ಮೇಲೆ ಜೊತೆಗೆ ನೋಡಿದವರನ್ನ ಕೇಳ್ರಿ: ತಪ್ಪು ಯಾರದು? ಉತ್ತರ ಒಂದೇ ಬರೋದು ಕಷ್ಟ.