ತೊಡೆಯ ಮೇಲೆ ಕೂರಿಸಿಕೊಂಡು ಹೇಳಿದ ಮಾತು

ಆರನೇ ತರಗತಿ ಓದುವ ನನ್ನ ಮೊಮ್ಮಗಳು ಶಾಲೆಯಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಬಗ್ಗೆ ಭಾಷಣ ಮಾಡಬೇಕಿತ್ತು. ಬರೆದುಕೊಂಡದ್ದನ್ನು ನನಗೆ ಓದಿ ಹೇಳಿ, “ತಾತ, ಇದ್ರಲ್ಲಿ ಅವರ ಅಮ್ಮನ ವಿಷಯ ಏನೂ ಇಲ್ವಲ್ಲ?” ಎಂದು ಕೇಳಿದಳು. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಆ ತಾಯಿಯ ಹೆಸರು ಆಲ್ಬರ್ಟಾ. ಊರು ಅಮೆರಿಕದ ಅಟ್ಲಾಂಟಾ. ತಂದೆ ಅಲ್ಲಿನ ಎಬನೇಜರ್ ಬ್ಯಾಪ್ಟಿಸ್ಟ್ ಚರ್ಚಿನ ಪಾದ್ರಿ. ಬ್ಯಾಪ್ಟಿಸ್ಟರು ಕ್ರೈಸ್ತರಲ್ಲೇ ಒಂದು ಪಂಗಡದವರು. ಹಸುಗೂಸಿಗೆ ದೀಕ್ಷಾಸ್ನಾನ ಮಾಡಿಸುವುದಿಲ್ಲ. ತಿಳಿವಳಿಕೆ ಬಂದು, ತಾವಾಗಿಯೇ ನಂಬಿದವರನ್ನು ನೀರಿನಲ್ಲಿ ಮುಳುಗಿಸಿ ಎಬ್ಬಿಸುತ್ತಾರೆ.

ಆಲ್ಬರ್ಟಾ ಓದಿ ಶಿಕ್ಷಕಿಯಾದರು. ಆದರೆ ಮದುವೆಯಾದ ಹೆಂಗಸರು ಪಾಠ ಹೇಳಕೂಡದೆಂಬ ನಿಯಮ ಅಲ್ಲಿನ ಶಾಲೆಗಳಲ್ಲಿತ್ತು. 1926ರಲ್ಲಿ ಮದುವೆಯಾದಾಗ ಕೆಲಸ ಬಿಡಬೇಕಾಯಿತು. ತಂದೆಯ ನಂತರ ಗಂಡನೇ ಆ ಚರ್ಚಿಗೆ ಪಾದ್ರಿಯಾದರು. ಮೂವರು ಮಕ್ಕಳನ್ನು ಸಾಕುತ್ತಲೇ ಆಕೆ ಚರ್ಚಿನ ಗಾಯಕರನ್ನು ತಿದ್ದಿದರು, ದಶಕಗಳ ಕಾಲ ಆರ್ಗನ್ ನುಡಿಸಿದರು. ನಮ್ಮ ಹಾರ್ಮೋನಿಯಂಗೆ ದೊಡ್ಡಣ್ಣನಂಥ ವಾದ್ಯ ಅದು.

ನಡುವಿನವನೇ ಮಾರ್ಟಿನ್. ಅವನಿಗೆ ಸುಮಾರು ಆರು ವರ್ಷವಾದಾಗ, ಜೊತೆಗೆ ಆಡುತ್ತಿದ್ದ ಬಿಳಿಯರ ಹುಡುಗ ಇನ್ನು ನಿನ್ನ ಜೊತೆ ಆಡುವುದಿಲ್ಲ ಎಂದುಬಿಟ್ಟ. ಅವನ ಮನೆಯವರ ಅಪ್ಪಣೆ ಅದು. ಮಾರ್ಟಿನ್ ಕಪ್ಪು ಬಣ್ಣದವನು ಎಂಬುದೇ ಕಾರಣ. ಅಳುಮೋರೆ ಹಾಕಿಕೊಂಡು ಬಂದ ಮಗನನ್ನು ತಾಯಿ ತೊಡೆಯ ಮೇಲೆ ಕೂರಿಸಿಕೊಂಡರು. ಗುಲಾಮಗಿರಿಯ ಕತೆಯನ್ನು ಮುಚ್ಚಿಡದೆ ಹೇಳಿದರು. ಈ ಭೇದ ದೇವರು ಮಾಡಿದ್ದಲ್ಲ, ಮನುಷ್ಯರು ಮಾಡಿದ್ದು. ನೀನು ಯಾರಿಗೂ ಕಡಿಮೆಯಲ್ಲ ಎಂದು ತಿಳಿಸಿದರು. ದೊಡ್ಡವನಾದ ಮೇಲೂ ಮಾರ್ಟಿನ್ ಅದನ್ನು ಮರೆಯಲಿಲ್ಲ, ಪುಸ್ತಕದಲ್ಲೂ ಬರೆದರು.

1968ರಲ್ಲಿ ಮಾರ್ಟಿನ್ ಗುಂಡಿಗೆ ಬಲಿಯಾದರು. ಮರುವರ್ಷ ಕಿರಿಯ ಮಗ ಈಜುಕೊಳದಲ್ಲಿ ತೀರಿಕೊಂಡರು. ಒಬ್ಬರಿಗೆ ನಾಲ್ಕು ಮಕ್ಕಳು, ಇನ್ನೊಬ್ಬರಿಗೆ ಐದು. ತಂದೆಯಿಲ್ಲದ ಒಂಬತ್ತು ಮೊಮ್ಮಕ್ಕಳ ಅಜ್ಜಿ ಆಲ್ಬರ್ಟಾ ಭಾನುವಾರ ಬಂತೆಂದರೆ ಮತ್ತೆ ಆರ್ಗನ್ ಮುಂದೆ ಕೂರುತ್ತಿದ್ದರು. 1974ರ ಜೂನ್ 30ರಂದು ಅಲ್ಲೇ, ಪ್ರಾರ್ಥನೆಗೆ ನುಡಿಸುತ್ತಿದ್ದಾಗ, ಒಬ್ಬ ಯುವಕ ಗುಂಡು ಹಾರಿಸಿದ. ಆಕೆ ಉಳಿಯಲಿಲ್ಲ. ಅವನಿಗೆ ಮರಣದಂಡನೆಯಾಯಿತು. ಗಲ್ಲು ಬೇಡ ಎಂಬ ನಿಲುವನ್ನು ಕಿಂಗ್ ಕುಟುಂಬ ಬಿಡಲಿಲ್ಲ. 1995ರಲ್ಲಿ ಅದು ಜೀವಾವಧಿ ಶಿಕ್ಷೆಯಾಯಿತು.

ಇದನ್ನು ಹೇಳುವಾಗ ನನ್ನ ಗಂಟಲು ಕಟ್ಟಿತು. ನಾನು ಚಿಕ್ಕವನಿದ್ದಾಗ ನನ್ನ ಗೆಳೆಯನೊಬ್ಬನಿಗೆ ನಮ್ಮ ಮನೆಯಲ್ಲಿ ಬೇರೆ ಲೋಟವಿತ್ತು. ಅದು ಹಿತ್ತಿಲ ಗೋಡೆಯ ಗೂಡಿನಲ್ಲಿರುತ್ತಿತ್ತು. “ಯಾಕಜ್ಜಿ?” ಎಂದು ಕೇಳಿದ್ದೆ. “ದೊಡ್ಡವರ ವಿಷಯ ನಿಂಗ್ಯಾಕೋ?” ಎಂದು ಗದರಿದ್ದರು. ನನ್ನ ಮೇಲೆ ಪ್ರಾಣವನ್ನೇ ಇಟ್ಟಿದ್ದ ಅಜ್ಜಿ. ನಾನು ಮತ್ತೆ ಕೇಳಲಿಲ್ಲ. ಗೆಳೆಯನೂ ಬರುವುದನ್ನು ನಿಲ್ಲಿಸಿದ.

ಮೊಮ್ಮಗಳಿಗೆ ಲೋಟದ ಕತೆಯನ್ನೂ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಅವರ ಹೆಸರೇನು ತಾತ?” ಎಂದಳು. ಹೇಳಿದೆ. ಐವತ್ತು ವರ್ಷಗಳ ಮೇಲೆ ಆ ಹೆಸರು ನನ್ನ ಬಾಯಲ್ಲಿ ಬಂತು.

ಅಜ್ಜ ಅಜ್ಜಿಯರೇ, ಮಕ್ಕಳು ಕೇಳಿದಾಗ ಗದರಬೇಡಿ. ಕೂರಿಸಿಕೊಂಡು ನಿಜ ಹೇಳಿ. ಮಕ್ಕಳೇ, ನೀವೂ ಕೇಳುವುದನ್ನು ಬಿಡಬೇಡಿ.