ಮಾದರಿ ಹಾಡಿಗೆ ಧ್ವನಿಯ ಮುದ್ರೆ

ಸುವರ್ಣ ಮಹೋತ್ಸವದ ನಿಮಿತ್ತ ನಮ್ಮ ಶಾಲೆಯ ಮಕ್ಕಳಿಂದ ಒಂದು ಸ್ವಾಗತಗೀತೆಯನ್ನು ಹಾಡಿಸಿ ಧ್ವನಿಮುದ್ರಿಸಬೇಕೆಂದು ಸಮಿತಿಯವರು ನಿಶ್ಚಯಿಸಿದರು. ಇಚಲಕರಂಜಿಯಲ್ಲಿ ಚಿಕ್ಕದೊಂದು ಧ್ವನಿಮುದ್ರಣ ಕೊಠಡಿ ಇಟ್ಟುಕೊಂಡಿರುವ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ಅದಕ್ಕೆ ಸಂಗೀತ ಸಂಯೋಜಿಸಿ, ಸಮಿತಿಯ ಒಪ್ಪಿಗೆಗಾಗಿ ಮಾದರಿಯನ್ನು ಮೊಬೈಲಿಗೆ ಕಳುಹಿಸಿದನು. ಸಭೆಯಲ್ಲಿ ಎಲ್ಲರೂ ಕೇಳಲು ಕುಳಿತೆವು. ಹಾರ್ಮೋನಿಯಂ ನುಡಿಯಿತು, ಮಕ್ಕಳ ಕಂಠ ಕೂಡಿಕೊಂಡಿತು. ಅಷ್ಟರಲ್ಲಿ ಹಾಡಿನ ನಟ್ಟನಡುವೆ ಒಂದು ಹೆಣ್ಣುಧ್ವನಿಯು ಅವನ ಕೊಠಡಿಯ ಹೆಸರನ್ನು ಉಚ್ಚರಿಸಿ ಮಾಯವಾಯಿತು. ಹದಿನೈದು ಸೆಕೆಂಡುಗಳಾದ ಮೇಲೆ ಮತ್ತೆ ಅದೇ. ಹಿರಿಯರೊಬ್ಬರು, “ಇದೇನು ಮಿರಜ ಸ್ಟೇಶನ್ನೇ?” ಎಂದರು. ಕಲಿತ ಶಾಲೆಯ ಮೇಲೆಯೇ ಅಪನಂಬಿಕೆಯೇ ಎಂದು ನನಗೂ ಸಿಟ್ಟು ಬಂದಿತು. ಫೋನು ಮಾಡಿ ಗದರಿಸಿದೆನು.

“ಸರ್, ನಿಮ್ಮ ಮ್ಯಾಲೆ ಸಂಶಯ ಅಲ್ಲರಿ. ಒಂದು ಫೋನಿನಿಂದ ಇನ್ನೊಂದು ಫೋನಿಗೆ ಹೋತಂದ್ರ ಅದು ಯಾರದು ಅಂತ ಯಾರಿಗೆ ಗೊತ್ತಾಗ್ತೈತ್ರಿ?” ಎಂದನು. ಹಿಂದಿನ ವರ್ಷ ಮದುವೆಯ ವಿಡಿಯೋ ಮಾಡುವವರೊಬ್ಬರಿಗೆ ಅವನು ಒಂದು ಮಾದರಿಯನ್ನು ಮುದ್ರೆಯಿಲ್ಲದೆ ಕಳುಹಿಸಿದ್ದನಂತೆ. ‘ನಮಗೆ ಹಿಡಿಸಲಿಲ್ಲ’ ಎಂಬ ಉತ್ತರ ಬಂದಿತು. ಆದರೆ ಅದೇ ಸಂಗೀತ ಮುಂದೆ ಅವರ ವಿಡಿಯೋಗಳಲ್ಲಿ ಕೇಳಿಸಿತು. ಅವನ ಕೈಗೆ ಒಂದು ರೂಪಾಯಿಯೂ ಬರಲಿಲ್ಲ. ನಾನು ನಾಚಿಕೊಂಡೆನು. ಮುಂದಿನ ರವಿವಾರ ಇಚಲಕರಂಜಿಗೆ ಹೋಗಿ, ಅವನ ಎದುರಿಗೆ ವಿದ್ಯಾರ್ಥಿಯಂತೆ ಕುಳಿತು ವಿಷಯವನ್ನೆಲ್ಲ ತಿಳಿದುಕೊಂಡೆನು.

ಗಡಹಿಂಗ್ಲಜದ ಪೇಟೆಯಲ್ಲಿ ಬೆಲ್ಲ ಕೊಳ್ಳುವವನಿಗೆ ವ್ಯಾಪಾರಿಯು ಒಂದು ಚೂರನ್ನು ಬಾಯಿಗೆ ಹಾಕಿಕೊಳ್ಳಲು ಕೊಡುತ್ತಾನೆ. ಆ ಚೂರಿನಿಂದ ಹಬ್ಬದ ಹೋಳಿಗೆಯಾಗುವುದಿಲ್ಲ. ಆದ್ದರಿಂದ ವ್ಯಾಪಾರಿಗೆ ಭಯವಿಲ್ಲ. ಸಂಗೀತದ ವ್ಯಾಪಾರ ಹಾಗಲ್ಲ. ಕೇಳಿಸದೆ ಮಾರುವಂತಿಲ್ಲ, ಕೇಳಿಸಿದರೆ ಸರಕೇ ಕೈಬಿಟ್ಟು ಹೋದಂತೆ. ಈ ಇಕ್ಕಟ್ಟಿಗೆ ಕಂಡುಕೊಂಡ ಉಪಾಯವೇ ಧ್ವನಿಮುದ್ರೆ. ನೋಟನ್ನು ಬೆಳಕಿಗೆ ಹಿಡಿದರೆ ಕಾಣುವ ಗುರುತಿಗೆ ವಾಟರ್‌ಮಾರ್ಕ್ ಎನ್ನುತ್ತಾರಲ್ಲವೆ? ಇದು ಕಿವಿಗೆ ಕೇಳುವ ವಾಟರ್‌ಮಾರ್ಕ್. ಗಿರಾಕಿಯು ಮುದ್ರೆಯುಳ್ಳ ಮಾದರಿಯನ್ನು ಕೇಳಿ ಒಪ್ಪಿ ಹಣ ಕೊಟ್ಟ ಮೇಲೆ ಮುದ್ರೆಯಿಲ್ಲದ ಶುದ್ಧ ಪ್ರತಿ ಅವನಿಗೆ ಸೇರುತ್ತದೆ. ಮುದ್ರೆಯು ನಕಲು ಮಾಡುವುದನ್ನು ತಡೆಯಲಾರದು ಎಂಬುದನ್ನು ಗಮನಿಸಬೇಕು. ಅದು ನಕಲನ್ನು ನಿರುಪಯೋಗಿ ಮಾಡುತ್ತದೆ, ಒಡೆಯನ ಹೆಸರನ್ನು ಜೊತೆಗೆ ಹೊತ್ತುಕೊಂಡು ತಿರುಗುತ್ತದೆ, ಅಷ್ಟೇ.

ಮುದ್ರೆ ಒತ್ತುವುದರಲ್ಲಿಯೂ ಒಂದು ಹದವಿದೆ. ಹಾಡಿನ ಆರಂಭದಲ್ಲಿ ಅಥವಾ ಕೊನೆಯಲ್ಲಿ ಮಾತ್ರ ಇಟ್ಟರೆ ಕತ್ತರಿಸಿ ಎಸೆಯುವುದು ಮಕ್ಕಳಾಟ. ಪಲ್ಲವಿ ಏರುವಲ್ಲಿ, ಅಂದರೆ ಕದಿಯುವವನಿಗೆ ಬೇಕಾದ ಜಾಗದಲ್ಲಿಯೇ ಅದು ಬೀಳಬೇಕು. ಅಂತರವೂ ಸಮನಾಗಿರಬಾರದು, ಒಮ್ಮೆ ಹತ್ತು ಸೆಕೆಂಡಿಗೆ, ಒಮ್ಮೆ ಇಪ್ಪತ್ತಕ್ಕೆ. ತೀರ ಜೋರಾದರೆ ಗಿರಾಕಿ ಬೇಸತ್ತು ಎದ್ದು ಹೋಗುತ್ತಾನೆ, ಮೆಲ್ಲಗಾದರೆ ವಾದ್ಯಗಳಲ್ಲಿ ಮುಳುಗಿಹೋಗುತ್ತದೆ. ಈಚೆಗೆ ಇನ್ನೊಂದು ಗಂಡಾಂತರ ಬಂದಿದೆ. ಫ್ರಾನ್ಸಿನ ಡೀಜರ್ ಎಂಬ ಸಂಸ್ಥೆಯು 2019ರಲ್ಲಿ ಸ್ಪ್ಲೀಟರ್ ಎಂಬ ತಂತ್ರಾಂಶವನ್ನು ಎಲ್ಲರಿಗೂ ಉಚಿತವಾಗಿ ಬಿಟ್ಟುಕೊಟ್ಟಿತು. ಹಾಡಿನಲ್ಲಿ ಬೆರೆತ ಕಂಠವನ್ನೂ ವಾದ್ಯಗಳನ್ನೂ ಅದು ಹಾಲು ನೀರು ಬೇರ್ಪಡಿಸುವ ಹಂಸದಂತೆ ಬೇರ್ಪಡಿಸುತ್ತದೆ. ಹಂಸದಷ್ಟು ಶುದ್ಧವಾಗಿ ಅಲ್ಲವಾದರೂ, ಬರಿಯ ವಾದ್ಯದ ಮೇಲೆ ಮಾತಿನ ಮುದ್ರೆಯಿಟ್ಟವನಿಗೆ ಅಪಾಯ ತರುವಷ್ಟು. ಆದ್ದರಿಂದ ನಮ್ಮ ಹುಡುಗನು ಮಾತಿನ ಜೊತೆಗೆ ಒಂದು ಗಂಟೆಯ ನಾದವನ್ನೂ ಸೇರಿಸುತ್ತಾನೆ, ಮಾದರಿಯನ್ನು ಒಂದು ನಿಮಿಷಕ್ಕಿಂತ ಹೆಚ್ಚು ಕೊಡುವುದಿಲ್ಲ, ಅದನ್ನೂ ಕೆಳದರ್ಜೆಯ ಗುಣಮಟ್ಟದಲ್ಲಿ ಕೊಡುತ್ತಾನೆ. ಮೂಲಪ್ರತಿಯನ್ನು ತಾರೀಖಿನೊಡನೆ ಕಾಯ್ದಿಡುತ್ತಾನೆ.

ಹಾಡಿನೊಳಗೆ ಹೆಸರು ಹೇಳುವುದು ಹೊಸದೇನಲ್ಲ. 1902ರಲ್ಲಿ ಕಲಕತ್ತೆಯಲ್ಲಿ ಗ್ರಾಮಾಫೋನ್ ತಟ್ಟೆಗಾಗಿ ಹಾಡಿದ ಗೌಹರ್ ಜಾನ್ ಅವರು ಹಾಡು ಮುಗಿದೊಡನೆ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ತಾವೇ ಹೇಳುತ್ತಿದ್ದರು. ದೂರದ ಜರ್ಮನಿಯಲ್ಲಿ ತಟ್ಟೆ ಅಚ್ಚುಮಾಡುವವರಿಗೆ ಯಾರ ಹಾಡೆಂದು ತಿಳಿಯಬೇಕಾಗಿತ್ತು. ನಮ್ಮ ಕನ್ನಡದಲ್ಲಿಯಂತೂ ಇದು ಅದಕ್ಕಿಂತ ಎಷ್ಟೋ ಹಿಂದಿನದು. ಕೂಡಲಸಂಗಮದೇವ ಎಂದೊಡನೆ ಬಸವಣ್ಣನವರು, ಗುಹೇಶ್ವರ ಎಂದೊಡನೆ ಅಲ್ಲಮಪ್ರಭುಗಳು, ಪುರಂದರವಿಠಲ ಎಂದೊಡನೆ ಪುರಂದರದಾಸರು. ಆ ಅಂಕಿತಗಳು ಇಷ್ಟದೈವದ ಹೆಸರುಗಳೇ ಹೊರತು ಒಡೆತನದ ಘೋಷಣೆಗಳಲ್ಲ. ಆದರೂ ತಾಳೆಗರಿಗಳಲ್ಲಿ ಚದುರಿಹೋಗಿದ್ದ ವಚನಗಳನ್ನು ಕರ್ತೃವಾರು ವಿಂಗಡಿಸಲು ವಿದ್ವಾಂಸರಿಗೆ ಅವೇ ಆಧಾರವಾದವು. ಅಂಕಿತಕ್ಕೆ ಎರಡು ಬಗೆಯ ಹಾನಿಯೂ ತಟ್ಟಿದೆ. ಪುರಂದರವಿಠಲ ಅಂಕಿತವುಳ್ಳ ಹಾಡುಗಳೆಲ್ಲವೂ ದಾಸರವೇ ಅಲ್ಲವೆಂದು ಸಂಶೋಧಕರು ಹೇಳುತ್ತಾರೆ. ಅದು ಇಲ್ಲದ ಹೆಸರನ್ನು ಸೇರಿಸಿದ್ದು. ಇನ್ನೊಂದು, ಇದ್ದುದನ್ನು ಬದಲಿಸಿದ್ದು. ಬಸವಣ್ಣನವರ ಅಂಕಿತವನ್ನು ಬದಲಿಸಿ ಮುದ್ರಿಸಿದ ಒಂದು ಗ್ರಂಥವನ್ನು ಕರ್ನಾಟಕ ಸರ್ಕಾರವು 1998ರಲ್ಲಿ ಮುಟ್ಟುಗೋಲು ಹಾಕಿಕೊಂಡಿತು; 2017ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಕ್ರಮವನ್ನು ಎತ್ತಿಹಿಡಿಯಿತು. ಎಂಟು ಶತಮಾನಗಳ ಹಿಂದಿನ ಮುದ್ರೆಗೆ ಇಂದಿಗೂ ಎಷ್ಟು ಜೀವವಿದೆ ನೋಡಿರಿ.

ಅಂಕಿತಕ್ಕೂ ನಮ್ಮ ಹುಡುಗನ ಮುದ್ರೆಗೂ ಭೇದವಿಲ್ಲವೆಂದು ನಾನು ಹೇಳುತ್ತಿಲ್ಲ. ಅಂಕಿತವನ್ನು ಕಿತ್ತರೆ ವಚನ ಊನವಾಗುತ್ತದೆ. ಇವನ ಮುದ್ರೆಯನ್ನು ಕಿತ್ತರೆ ಹಾಡು ಚೆನ್ನಾಗುತ್ತದೆ. ತನ್ನ ಕೃತಿಯನ್ನು ತಾನೇ ಕೆಡಿಸಿ ತೋರಿಸಬೇಕಾಗಿ ಬಂದದ್ದು ಅವನಿಗೂ ಸಂತೋಷದ ಕೆಲಸವಲ್ಲ.

ಹಾಗಾದರೆ ಕೇಳಿಸದೆಯೇ ಇಟ್ಟುಕೊಳ್ಳಬಹುದಿತ್ತಲ್ಲ ಎಂದರೆ, ಅದರ ಬೆಲೆ ಏನೆಂಬುದು ಕೊಲ್ಹಾಪುರದವರಾದ ನಮಗೆ ಗೊತ್ತು. ಶಾಹೂ ಮಹಾರಾಜರ ಆಸ್ಥಾನದಲ್ಲಿದ್ದ ಉಸ್ತಾದ ಅಲ್ಲಾದಿಯಾ ಖಾನರು 1946ರಲ್ಲಿ ತೀರಿಕೊಂಡರು. ಗ್ರಾಮಾಫೋನಿನ ಕಾಲದಲ್ಲಿಯೇ ದಶಕಗಟ್ಟಲೆ ಹಾಡಿದರೂ ಅವರ ಕಂಠದ ಒಂದು ಧ್ವನಿಮುದ್ರಿಕೆಯೂ ನಮಗೆ ಉಳಿದಿಲ್ಲ. ಅವರ ಮಕ್ಕಳಾದ ಮಂಜೀಖಾನ್, ಭುರ್ಜೀಖಾನರಲ್ಲಿ ಕಲಿತ ನಮ್ಮ ಮಲ್ಲಿಕಾರ್ಜುನ ಮನ್ಸೂರರ ಗಾಯನವನ್ನು ಕೇಳಿ, ಮೂಲ ಹೇಗಿದ್ದಿರಬಹುದೆಂದು ಊಹಿಸಬೇಕಾಗಿದೆ.

ಕಾಯದೆಯ ಮಾತೂ ಒಂದಿಷ್ಟು. 1957ರ ಕೃತಿಸ್ವಾಮ್ಯ ಕಾಯದೆಯ 52ಎ ಕಲಮಿನ ಪ್ರಕಾರ ಪ್ರಕಟವಾಗುವ ಧ್ವನಿಮುದ್ರಿಕೆಯ ಮೇಲೆ ತಯಾರಿಸಿದವರ ಮತ್ತು ಹಕ್ಕುದಾರರ ಹೆಸರು ವಿಳಾಸಗಳಿರಬೇಕು. 2012ರಲ್ಲಿ ಸೇರಿಸಿದ 65ಬಿ ಕಲಮು, ಹಕ್ಕಿನ ಗುರುತಿನ ಮಾಹಿತಿಯನ್ನು ಅನುಮತಿಯಿಲ್ಲದೆ ತಿಳಿದೂ ತಿಳಿದೂ ಅಳಿಸುವವನಿಗೆ ಎರಡು ವರ್ಷಗಳವರೆಗೆ ಸೆರೆ ಮತ್ತು ದಂಡವನ್ನು ವಿಧಿಸುತ್ತದೆ. ಆದರೆ ಒಂದು ಮದುವೆಯ ಸಂಗೀತಕ್ಕಾಗಿ ಕೋರ್ಟಿನ ಮೆಟ್ಟಿಲು ಹತ್ತುವಷ್ಟು ಬಿಡುವು, ಹಣ ಇಂಥ ಹುಡುಗರಿಗೆ ಎಲ್ಲಿಯದು?

ಸಮಿತಿಯಲ್ಲಿ ನಾನು ಈ ಎಲ್ಲವನ್ನೂ ನಿವೇದಿಸಿದೆನು. ಶಾಲೆಯ ಕೆಲಸವಾದ್ದರಿಂದ ಉಚಿತವಾಗಿ ಮಾಡಿಕೊಡಲಿ ಎಂದಿದ್ದವರು ತಮ್ಮ ಮಾತನ್ನು ಹಿಂದಕ್ಕೆ ಪಡೆದರು; ಅವನು ಹೇಳಿದ ಮೊತ್ತವನ್ನು ಚೆಕ್ಕಿನ ಮೂಲಕ ಸಂದಾಯ ಮಾಡಲಾಯಿತು. ಮರುದಿನವೇ ಶುದ್ಧ ಪ್ರತಿ ಬಂದಿತು. ಅದರಲ್ಲಿ ಹೆಣ್ಣುಧ್ವನಿ ಇರಲಿಲ್ಲ. ಕೊನೆಗೆ ಮಾತ್ರ ನನ್ನ ಸೂಚನೆಯಂತೆ ಮಕ್ಕಳು ಶಾಲೆಯ ಹೆಸರನ್ನೂ ಊರಿನ ಹೆಸರನ್ನೂ ಒಟ್ಟಾಗಿ ಹೇಳಿದ್ದಾರೆ. ಎರಡು ಹೆಸರುಗಳ ನಡುವೆ ಯಾವುದೋ ಮಗು ಉಸಿರೆಳೆದುಕೊಂಡದ್ದು ಸ್ಪಷ್ಟವಾಗಿ ಕೇಳಿಸುತ್ತದೆ. ಅದನ್ನು ತೆಗೆಯಲೇ ಎಂದು ಹುಡುಗನು ಕೇಳಿದನು. ಇರಲಿ ಬಿಡು ಎಂದೆನು.